ಆ ಸಿಲಿಕೋನ್ ಟ್ಯೂಬನ್ನು ಕೆಳಗಿಡು ಮಾರಾಯ

ಕುಂದಾಪುರ
ನವೆಂಬರ್ ತಿಂಗಳು

ಪ್ರೀತಿಯ ಪುಟ್ಟೂ,

ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಬೋಟು ಚಂದ ಉಂಟು. ಇಪ್ಪತ್ತೆರಡು ಅಡಿ ಉದ್ದ, ಮೂತಿಯೊಳಗೆ ಇಬ್ಬರು ಮಲಗುವಷ್ಟು ಜಾಗ, ಸುತ್ತ ಕಿಟಕಿ, ಒಂದು ಒಲೆ, ಹಿಂದೆ ಔಟ್‌ಬೋರ್ಡ್ ಎಂಜಿನ್. ಗಂಡ ಹೆಂಡತಿ ಇಬ್ಬರೇ ಇರುವಾಗ ಇದಕ್ಕಿಂತ ದೊಡ್ಡದು ಬೇಡವೂ ಬೇಡ. ಹಳೇ ಫೈಬರ್ ಬೋಟಿಗೆ ದುಡ್ಡು ಸುರಿದ ಎಂದು ನಿನ್ನಪ್ಪ ಇಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದಾನೆ. ಅವನ ಮಾತು ಬಿಡು, ಗಂಗೊಳ್ಳಿಗೆ ಹೊಳೆ ದಾಟುವಾಗಲೂ ಕಣ್ಣು ಮುಚ್ಚಿ ಕೂರುತ್ತಿದ್ದವ ಅವನು.

ನನಗೆ ಕಳವಳವಾದದ್ದು ನಾಲ್ಕನೇ ಫೋಟೋ ನೋಡಿ. ಹಾಸಿಗೆ ಒದ್ದೆಯಾಗಿದೆ ಎಂದು ತೋರಿಸಲು ತೆಗೆದದ್ದು ಸರಿ. ಆದರೆ ಪಕ್ಕದಲ್ಲಿ ಗನ್ನಿಗೆ ಹಾಕಿ ತಯಾರಾಗಿಟ್ಟ ಸಿಲಿಕೋನ್ ಟ್ಯೂಬು ಕಾಣುತ್ತಿತ್ತು. ಫೋನಿನಲ್ಲಿ ಬೇಡ ಅಂದರೆ ‘ಹೂಂ ದೊಡ್ಡಮ್ಮ’ ಅನ್ನುತ್ತೀ, ಫೋನಿಟ್ಟ ಮೇಲೆ ಗನ್ ಎತ್ತುತ್ತೀ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಈಗ ನೀನಿರುವ ಸಿಯಾಟಲ್‌ನಲ್ಲಿ ಇದ್ದಷ್ಟು ಕಾಲವೂ ನಾನು ಮತ್ತು ನಿನ್ನ ದೊಡ್ಡಪ್ಪ ಇಂಥದೇ ಒಂದು ಬೋಟು ಇಟ್ಟುಕೊಂಡಿದ್ದವರು. ಅವರು ನಡೆಸಿದರು, ನಾನು ಸೋರಿಕೆ ಹುಡುಕಿದೆ.

ಸಿಲಿಕೋನ್ ಯಾಕೆ ಬೇಡ ಅಂದರೆ, ಅದು ಬಚ್ಚಲಿಗೆ, ಅಡುಗೆಮನೆಯ ಸಿಂಕಿಗೆ ಸರಿ. ಬೋಟಿನ ಫೈಬರಿಗೆ ಅದು ಕೆಲವು ತಿಂಗಳು ಅಂಟಿಕೊಂಡಿದ್ದು ಅಂಚಿನಲ್ಲಿ ಸಣ್ಣಗೆ ಬಿಡುತ್ತದೆ. ಬಿಟ್ಟ ಮೇಲೂ ಕಣ್ಣಿಗೆ ಕಾಣದ ಒಂದು ಪಸೆ ಫೈಬರಿನ ಮೇಲೆ ಉಳಿಯುತ್ತದೆ. ಆ ಪಸೆಯ ಮೇಲೆ ಬಣ್ಣ ನಿಲ್ಲುವುದಿಲ್ಲ, ಬೇರೆ ಸೀಲಂಟ್ ನಿಲ್ಲುವುದಿಲ್ಲ, ಹೊಸ ಸಿಲಿಕೋನೇ ನಿಲ್ಲುವುದಿಲ್ಲ. ಇನ್ನೊಂದು ಕೇಡು, ಹೊರಗಿನಿಂದ ಬಳಿದಾಗ ನೀರು ಒಳಗೆ ಬರುವ ದಾರಿಯ ಬದಲು ಹೊರಗೆ ಹೋಗುವ ದಾರಿ ಮುಚ್ಚಿಹೋಗುವುದೇ ಹೆಚ್ಚು. ಹಿಂದಿನ ಮಾಲೀಕರು ಬಳಿದದ್ದೇ ಸಾಕಷ್ಟು ಇರುತ್ತದೆ. ಹಳೇ ಬೋಟುಗಳಲ್ಲಿ ಪ್ರತಿ ಸೋರಿಕೆಯ ಸುತ್ತ ಹಳದಿಗಟ್ಟಿದ ಮೂರು ಪದರ ಸಿಗುತ್ತದೆ, ಕೆಳಗೆ ನೀರು ತನ್ನ ಪಾಡಿಗೆ ಹರಿಯುತ್ತಿರುತ್ತದೆ.

‘ಊರಿನ ಮಳೆ ಕಂಡವನಿಗೆ ಸಿಯಾಟಲ್ ಮಳೆ ಒಂದು ಲೆಕ್ಕವಾ?’ ಎಂದು ನೀನು ಬರೆದಿದ್ದೀ. ಲೆಕ್ಕವೇ. ನಮ್ಮ ಉಡುಪಿ ಜಿಲ್ಲೆಗೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ, ಸಿಯಾಟಲ್‌ಗೆ ಸುಮಾರು 1,000. ಆದರೆ ಇಲ್ಲಿ ಧೋ ಎಂದು ಹೊಡೆದು ಬಿಸಿಲು ಬಂದರೆ ಎರಡು ಗಂಟೆಯಲ್ಲಿ ಅಂಗಳ ಒಣಗುತ್ತದೆ. ಅಲ್ಲಿ ಅಕ್ಟೋಬರಿನಲ್ಲಿ ಹಿಡಿದ ಜಿಟಿಜಿಟಿ ಮಾರ್ಚ್ ಕಳೆದರೂ ಬಿಡುವುದಿಲ್ಲ. ಸಂದಿಗೆ ಹೊಕ್ಕ ನೀರಿಗೆ ಹೊರಗೆ ಬರುವ ತುರ್ತೇ ಇಲ್ಲ, ಒಣಗಲು ಗಾಳಿಯೂ ಇಲ್ಲ ಬಿಸಿಲೂ ಇಲ್ಲ. ಬೋಟಿಗೆ ಜಡಿಮಳೆಗಿಂತ ಈ ಸಣ್ಣ ಮಳೆಯೇ ಶತ್ರು.

ಅಜ್ಜಿಮನೆಯ ಹಂಚಿನ ಮಾಡು ನಿನಗೆ ನೆನಪಿರಬೇಕು. ನೀರು ತೊಟ್ಟಿಕ್ಕುತ್ತಿದ್ದುದು ಊಟದ ಕೋಣೆಯ ನಡುವೆ, ಹಂಚು ಒಡೆದಿರುತ್ತಿದ್ದುದು ಮೇಲೆ ಎಲ್ಲೋ ಕೋಳಿನ ಹತ್ತಿರ. ನೀರು ಪಕ್ಕಾಸು ಹಿಡಿದು ಇಳಿದು, ಒಂದು ರೀಪಿನ ಗಂಟು ಸಿಕ್ಕಿದಲ್ಲಿ ಕೆಳಗೆ ಬೀಳುತ್ತಿತ್ತು. ಬೋಟಿನಲ್ಲೂ ಅದೇ. ನಿನ್ನ ಹಾಸಿಗೆಯ ತಲೆಭಾಗ ಒದ್ದೆಯಾದರೆ ಮೇಲಿನ ಹ್ಯಾಚನ್ನು, ಅಂದರೆ ಛಾವಣಿಯ ಕಿಂಡಿಬಾಗಿಲನ್ನು, ಬಯ್ಯಬೇಡ. ಒಳಗಿನ ಛಾವಣಿಗೆ ಅಂಟಿಸಿದ ಬಟ್ಟೆಯ ಹಿಂದೆ, ವಯರುಗಳ ಗುಂಟ, ನೀರು ನಾಲ್ಕಾರು ಅಡಿ ನಡೆದು ಬಂದಿರಬಹುದು. ವಯರು ಅಂದಾಗ ನೆನಪಾಯಿತು: ರೇಡಿಯೋ ಆಂಟೆನಾದ ವಯರು ಛಾವಣಿಯೊಳಗೆ ಇಳಿಯುವ ಮೊದಲು ಒಂದು ಬಗ್ಗು ಕೆಳಗೆ ಜೋತು ಮತ್ತೆ ಮೇಲೇರಿ ಒಳಗೆ ಹೋಗಬೇಕು. ನೇರ ಇಳಿದರೆ ನೀರೂ ಅದರ ಜತೆ ಇಳಿಯುತ್ತದೆ. ಇದಕ್ಕೆ ಸೀಲಂಟೂ ಬೇಡ, ಒಂದು ಪ್ಲಾಸ್ಟಿಕ್ ಪಟ್ಟಿ ಸಾಕು.

ಮೊದಲು ತಿಳಿಯಬೇಕಾದದ್ದು ಇದು ಯಾವ ನೀರು ಅನ್ನುವುದು. ಅರ್ಧಕ್ಕರ್ಧ ಸಲ ಅದು ಸೋರಿಕೆಯೇ ಅಲ್ಲ, ನಿಮ್ಮದೇ ಉಸಿರು. ನವೆಂಬರಿನ ಚಳಿಯಲ್ಲಿ ಇಬ್ಬರು ಬಾಗಿಲು ಹಾಕಿಕೊಂಡು ಮಲಗಿದರೆ ಬೆಳಗಾಗುವಾಗ ಕಿಟಕಿಯ ಒಂಟಿ ಗಾಜಿನ ಮೇಲೆ ನೀರು ಧಾರೆಯಾಗಿ ಇಳಿಯುತ್ತದೆ. ಚಹಾಕ್ಕೆ, ಅನ್ನಕ್ಕೆ ಗ್ಯಾಸ್ ಹಚ್ಚುತ್ತೀರಲ್ಲ, ಒಂದು ಕೆಜಿ ಪ್ರೊಪೇನ್ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಕ್ಯಾಬಿನ್ನಿನೊಳಗೇ ಸೇರುತ್ತದೆ. ಅಷ್ಟೂ ನೀರು ತಣ್ಣಗಿರುವ ಜಾಗ ಹುಡುಕಿ ಕೂರುತ್ತದೆ, ಹಾಸಿಗೆಯ ಅಡಿಯಲ್ಲಿ ಫೈಬರ್ ತಣ್ಣಗಿರುವುದರಿಂದ ಅಲ್ಲಿಯೂ. ಹಾಸಿಗೆ ಎತ್ತಿ ನೋಡು. ಅಡಿಭಾಗ ಇಡೀ ಒಂದೇ ಸಮ ತೇವವಾಗಿದ್ದು ಮೇಲೆ ಒಣಗಿದ್ದರೆ ಅದು ಆವಿಯ ನೀರು. ಒಂದು ಮೂಲೆಯಿಂದ ಶುರುವಾಗಿ ಹರಡಿದ್ದರೆ ಸೋರಿಕೆ. ಆವಿಗೆ ಔಷಧ ಗಾಳಿ. ಹಾಸಿಗೆಯಡಿ ಮರದ ಪಟ್ಟಿಗಳ ಜಾಲರಿ ಇಡು, ಅಡುಗೆ ಮಾಡುವಾಗ ಹ್ಯಾಚ್ ಎರಡು ಬೆರಳು ತೆರೆದಿಡು. ಬೋಟು ಬಿಟ್ಟು ಬರುವಾಗ ನೀಲಿ ಟಾರ್ಪಾಲು ಬಿಗಿದು ಕಟ್ಟುವ ಅಭ್ಯಾಸ ಅಲ್ಲಿ ಎಲ್ಲರಿಗೂ ಉಂಟು, ನೀನು ಮಾಡಬೇಡ. ಮುಚ್ಚಿದ್ದೇ ಬೂಷ್ಟಿಗೆ ಕಾರಣ. ಕಟ್ಟಲೇಬೇಕಾದರೆ ಎರಡೂ ತುದಿಯಲ್ಲಿ ಗಾಳಿ ಆಡಲಿ.

ತಳದಲ್ಲಿ, ಅಂದರೆ ಬಿಲ್ಜಿನಲ್ಲಿ ನಿಂತ ನೀರು ಉಪ್ಪೋ ಸಿಹಿಯೋ ನೋಡು ಎಂದು ಅಲ್ಲಿಯ ಹಳಬರು ಹೇಳುತ್ತಾರೆ, ಬೆರಳದ್ದಿ ನಾಲಿಗೆಗೆ ಹಚ್ಚುತ್ತಾರೆ. ಪೆಟ್ರೋಲು ಎಣ್ಣೆ ಸೇರಿದ ನೀರನ್ನು ನೆಕ್ಕುವ ಗತಿ ಯಾಕೆ? ಒಂದು ಹನಿ ಗಾಜಿನ ಮೇಲೆ ಬಿಟ್ಟು ಒಣಗಿಸು. ಸಮುದ್ರದ ನೀರಾದರೆ ಬಿಳಿ ಕಲೆ ಗಟ್ಟಿಯಾಗಿ ಉಳಿಯುತ್ತದೆ. ನಿನ್ನ ಟ್ಯಾಂಕಿಗೆ ತುಂಬುವ ಸಿಯಾಟಲ್‌ನ ನಲ್ಲಿ ನೀರು ಸೀಡರ್, ಟೋಲ್ಟ್ ನದಿಗಳದ್ದು, ಬಹಳ ಮೆದು, ಏನೂ ಉಳಿಯುವುದಿಲ್ಲ ಅಂದರೂ ಸರಿ. ಆದರೆ ನಿನ್ನ ಬೋಟು ನಿಂತಿರುವುದು ಲೇಕ್ ಯೂನಿಯನ್‌ನಲ್ಲಿ, ಸುತ್ತಲಿರುವುದೇ ಸಿಹಿನೀರು. ಮಳೆಯೂ ಸಿಹಿ, ಕೆರೆಯೂ ಸಿಹಿ, ನಿನ್ನ ಟ್ಯಾಂಕೂ ಸಿಹಿ. ಈ ಪರೀಕ್ಷೆ ಅಲ್ಲಿ ನಡೆಯುವುದಿಲ್ಲ. ಬಲ್ಲಾರ್ಡ್ ಲಾಕ್ಸ್ ಉಂಟಲ್ಲ, 1917ರಿಂದ ಕೆರೆಗೂ ಸಮುದ್ರಕ್ಕೂ ನಡುವೆ ಬೋಟುಗಳನ್ನು ಏರಿಸಿ ಇಳಿಸುತ್ತಿರುವುದು, ಅದನ್ನು ದಾಟಿ ಪ್ಯೂಜೆಟ್ ಸೌಂಡಿಗೆ ಹೋಗಿ ಒಂದು ದಿನ ಇದ್ದು ಬಾ. ಹೋಗುವ ಮೊದಲು ಬಿಲ್ಜನ್ನು ಸ್ಪಂಜಿನಿಂದ ಪೂರಾ ಒರೆಸಿರಬೇಕು. ವಾಪಸು ಬಂದಾಗ ಉಪ್ಪುನೀರು ಸಿಕ್ಕಿದರೆ ತೂತು ನೀರಿನ ಮಟ್ಟದಿಂದ ಕೆಳಗೆ, ಇಲ್ಲವೇ ಅಲೆ ಹೊಡೆಯುವ ಜಾಗದಲ್ಲಿ. ಸಿಹಿನೀರು ಸಿಕ್ಕಿದರೆ ಮಳೆ ಅಥವಾ ಟ್ಯಾಂಕು. ಟ್ಯಾಂಕಿನದು ಸುಲಭ, ಪೈಪಿನ ಕ್ಲಿಪ್ಪುಗಳನ್ನು ಒಂದು ಸಲ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ.

ನಿನ್ನದು ಮಳೆ ನೀರೇ ಎಂದು ನನ್ನ ಅಂದಾಜು, ಅದೂ ಕಿಟಕಿಯದು. ಎರಡನೇ ಫೋಟೋದಲ್ಲಿ ಸರಿಯುವ ಕಿಟಕಿಯ ಅಲ್ಯುಮಿನಿಯಂ ಗಾಡಿಯಲ್ಲಿ, ಅಂದರೆ ಗಾಜು ಸರಿಯುವ ತೋಡಿನಲ್ಲಿ, ಹಸಿರು ಪಾಚಿ ಕಾಣುತ್ತದೆ. ಆ ಗಾಡಿಗೆ ನೀರು ಬೀಳುವುದು ಸಹಜ, ಮಾಡಿದವನಿಗೂ ಅದು ಗೊತ್ತು. ಅದಕ್ಕೇ ಚೌಕಟ್ಟಿನ ಹೊರಬದಿಗೆ ಕೆಳಗೆ ಒಂದೆರಡು ಸಣ್ಣ ತೂತು ಇಟ್ಟಿರುತ್ತಾನೆ, ನೀರು ಹೊರಗೆ ಹೋಗಲಿ ಎಂದು. ಪಾಚಿ, ಎಲೆಪುಡಿ, ಹಿಂದಿನವರ ಸಿಲಿಕೋನ್ ಸೇರಿ ಆ ತೂತು ಕಟ್ಟಿದರೆ ನೀರು ಗಾಡಿಯಲ್ಲಿ ತುಂಬಿ ಒಳಬದಿಯ ಅಂಚು ದಾಟಿ ಸುರಿಯುತ್ತದೆ. ಹಲ್ಲುಜ್ಜುವ ಹಳೇ ಬ್ರಷ್ಷು, ತೆಳು ತಂತಿ, ಸ್ವಲ್ಪ ವಿನೆಗರ್ ತೆಗೆದುಕೊಂಡು ಕೂತರೆ ಅರ್ಧ ಗಂಟೆಯ ಕೆಲಸ. ಆಮೇಲೆ ಒಂದು ಲೋಟ ನೀರು ಗಾಡಿಗೆ ಹೊಯ್ದು ನೋಡು, ಹೊರಗೆ ಬೀಳಬೇಕು. ಬೋಟು ವಾಲಿ ನಿಂತಿದ್ದರೆ, ಅಂದರೆ ಎಂಜಿನ್ನಿನ ಭಾರಕ್ಕೆ ಹಿಂದೆ ಕುಳಿತಿದ್ದರೆ ಅಥವಾ ಟ್ರೇಲರಿನ ಮೂತಿ ತಗ್ಗಿದ್ದರೆ, ತೂತು ಒಂದು ಬದಿಗೆ, ನೀರು ಇನ್ನೊಂದು ಬದಿಗೆ ಆಗುತ್ತದೆ. ಯಾರದೋ ಅಂಗಳದಲ್ಲಿ ಒಣಗಿದ್ದ ಬೋಟು ಕೊಂಡವನ ಅಂಗಳದಲ್ಲಿ ಸೋರುವುದಕ್ಕೆ ಇಷ್ಟೇ ಕಾರಣ ಇರುವುದುಂಟು. ಟ್ರೇಲರಿನಲ್ಲಿ ನಿಲ್ಲಿಸುವಾಗ ಯಾವತ್ತೂ ಮೂತಿ ಮೇಲೆ, ಹಿಂದೆ ನೀರು ಬಿಡುವ ಬಿರಡೆ ತೆಗೆದು.

ಇಷ್ಟಕ್ಕೂ ನಿಲ್ಲದಿದ್ದರೆ ಪೈಪ್ ಹಿಡಿಯಬೇಕು. ಇದಕ್ಕೆ ಇಬ್ಬರು ಬೇಕು. ನಿನ್ನ ಹೆಂಡತಿಗೆ ಟಾರ್ಚ್ ಕೊಟ್ಟು ಒಳಗೆ ಕೂರಿಸು, ನೀನು ಹೊರಗೆ ನೆನೆ. ಪೈಪಿನ ಮೂತಿಗೆ ಏನೂ ಹಾಕಬೇಡ, ನೀರು ಸುಮ್ಮನೆ ಹರಿಯಬೇಕು, ರಭಸ ಬೇಡ. ಮಳೆಗೆ ಇಲ್ಲದ ರಭಸವನ್ನು ನೀನು ಕೊಟ್ಟರೆ ಸೋರದ ಜಾಗವೂ ಸೋರುತ್ತದೆ. ಎಲ್ಲಕ್ಕಿಂತ ಮುಖ್ಯ, ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗು. ಮೇಲಿಂದ ಬಿಟ್ಟರೆ ನೀರು ಇಳಿಯುತ್ತ ಎಲ್ಲವನ್ನೂ ನೆನೆಸುತ್ತದೆ, ಕಳ್ಳ ಯಾರೆಂದು ಗೊತ್ತಾಗುವುದಿಲ್ಲ. ಕಿಟಕಿಯ ಕೆಳ ಅಂಚಿಗೆ ಐದು ನಿಮಿಷ, ಒಳಗಿನಿಂದ ಕೂಗು ಬರದಿದ್ದರೆ ಪಕ್ಕಕ್ಕೆ, ಆಮೇಲೆ ಮೇಲೆ, ಆಮೇಲೆ ಕೈಹಿಡಿ, ಆಮೇಲೆ ಛಾವಣಿಯ ದೀಪ. ಒಳಗೆ ಶಂಕೆಯ ಜಾಗದ ಕೆಳಗೆ ಟಾಲ್ಕಂ ಪೌಡರ್ ಉದುರಿಸಿದರೆ ಒಂದು ಹನಿ ಹರಿದರೂ ಗೆರೆ ಮೂಡುತ್ತದೆ. ನಿನ್ನ ದೊಡ್ಡಪ್ಪ ಇದಕ್ಕೆ ನನ್ನ ಪೌಡರ್ ಡಬ್ಬಿಯನ್ನೇ ಖಾಲಿ ಮಾಡುತ್ತಿದ್ದರು.

ಇನ್ನೊಂದು ಉಪಾಯವೂ ಉಂಟು, ಹುಡುಗರಿಗೆ ಇಷ್ಟವಾಗುವಂಥದ್ದು. ಎಲೆ ಊದುವ ಯಂತ್ರ ಅಲ್ಲಿ ಮನೆಮನೆಯಲ್ಲೂ ಇರುತ್ತದಲ್ಲ, ಅದನ್ನು ಸಣ್ಣ ವೇಗದಲ್ಲಿಟ್ಟು ಬಾಗಿಲ ಸಂದಿಯಿಂದ ಕ್ಯಾಬಿನ್ನಿನೊಳಗೆ ಗಾಳಿ ತುಂಬಿಸು. ಗಾಳಿಗಿಂಡಿಗಳಿಗೆಲ್ಲ ಟೇಪು ಹಚ್ಚಿರಬೇಕು. ಹೊರಗಿನಿಂದ ಸಾಬೂನು ನೀರು ಚಿಮುಕಿಸುತ್ತ ಹೋದರೆ ಸಂದಿ ಇದ್ದಲ್ಲಿ ಗುಳ್ಳೆ ಏಳುತ್ತದೆ. ನೀರಿನ ದಾರಿ ಒಳಗೆ ಎಷ್ಟೇ ಸುತ್ತಿ ಬರಲಿ, ಗುಳ್ಳೆ ಏಳುವುದು ಹೊರಗೆ, ಬಾಯಿಯಲ್ಲೇ. ಅಲ್ಲಿಗೆ ಮಾಸ್ಕಿಂಗ್ ಟೇಪು ಅಂಟಿಸಿ ಪೆನ್ಸಿಲಿನಲ್ಲಿ ತಾರೀಕು ಬರೆ.

ದಕ್ಕೆಯಲ್ಲಿ ನಿಂತಾಗ ಎಷ್ಟು ಪೈಪ್ ಬಿಟ್ಟರೂ ಸಿಗದೆ, ಅಲೆಯಲ್ಲಿ ಓಡುವಾಗ ಮಾತ್ರ ನೆನೆಯುವುದಾದರೆ ಎರಡು ಜಾಗ ನೋಡು. ಒಂದು, ಮೂತಿಯಲ್ಲಿ ಟ್ರೇಲರಿನ ವಿಂಚ್ ಕೊಕ್ಕೆ ಸಿಕ್ಕಿಸುವ ಯು ಬೋಲ್ಟು. ಬೋಟಿನ ಪೂರ್ತಿ ಭಾರವನ್ನು ಎಳೆಯುವುದು ಅದು, ವರ್ಷಗಟ್ಟಲೆ ಅಲುಗಿ ಅಲುಗಿ ಅದರ ಸೀಲು ಹೋಗಿರುತ್ತದೆ. ಅಲೆ ಹೊಡೆದಾಗಲೆಲ್ಲ ಒಂದು ಚಮಚ ನೀರು ಒಳಗೆ, ನೇರ ನಿನ್ನ ಹಾಸಿಗೆಯ ಕಾಲದೆಸೆಗೆ. ಇನ್ನೊಂದು, ಸುತ್ತಲೂ ಇರುವ ರಬ್ಬರಿನ ರಬ್ ರೈಲ್. ಬೋಟಿನ ಕೆಳಗಿನ ಒಡಲೂ ಮೇಲಿನ ಡೆಕ್ಕೂ ಸೇರುವ ಸಂದಿ ಅದರ ಹಿಂದೆ ಅಡಗಿದೆ. ಮಳೆ ಮೇಲಿಂದ ಬೀಳುತ್ತದೆ, ಅಲೆಯ ಸಿಂಪಡು ಕೆಳಗಿನಿಂದ ಮೇಲಕ್ಕೆ ಹೊಡೆಯುತ್ತದೆ. ಆದ್ದರಿಂದ ಅಲ್ಲಿ ಪೈಪನ್ನೂ ಕೆಳಗಿನಿಂದ ಮೇಲಕ್ಕೇ ಹಿಡಿಯಬೇಕು.

ಈಗ ನಿಜವಾದ ಹೆದರಿಕೆಯ ವಿಷಯ. ಹಾಸಿಗೆ ಒಣಗುತ್ತದೆ, ಅದಕ್ಕೆ ಚಿಂತೆ ಬೇಡ. ಒಣಗದೆ ಇರುವುದು ಡೆಕ್ಕಿನ ಹೊಟ್ಟೆ. ನಿನ್ನಂಥ ಬೋಟಿನ ಡೆಕ್ಕು, ಛಾವಣಿ ಎಂದರೆ ಎರಡು ತೆಳು ಫೈಬರ್ ಹಾಳೆಗಳ ನಡುವೆ ಹಗುರ ಮರ. ಸಾಮಾನ್ಯವಾಗಿ ಬಾಲ್ಸಾ, ಈಕ್ವೆಡಾರಿನಿಂದ ಬರುವಂಥದ್ದು. ಒಣಗಿರುವ ತನಕ ಅದು ಬೋಟನ್ನು ಹಗುರವೂ ಗಟ್ಟಿಯೂ ಆಗಿಡುತ್ತದೆ. ಕೈಹಿಡಿಯ ಒಂದು ಸ್ಕ್ರೂ ತೂತಿನಿಂದ ನೀರು ಆ ಮರಕ್ಕೆ ತಾಗಿದರೆ, ಮೇಲೂ ಫೈಬರ್ ಕೆಳಗೂ ಫೈಬರ್, ಅದಕ್ಕೆ ಹೊರಬರುವ ದಾರಿಯಿಲ್ಲ. ಬಾಲ್ಸಾ ತುಂಡುಗಳ ನಡುವಿನ ಸಂದಿಗಳಲ್ಲಿ ನೀರು ಹರಡುತ್ತದೆ, ಮರ ಮೆತ್ತಗಾಗಿ ಕೊನೆಗೆ ಕಪ್ಪು ಗಸಿಯಾಗುತ್ತದೆ. ಒಳಗೆ ಸಿಕ್ಕಿಕೊಂಡ ನೀರು ಗಟ್ಟಿ ಚಳಿಯಲ್ಲಿ ಮಂಜುಗಟ್ಟಿ ಹಿಗ್ಗಿ ಹಾಳೆಯನ್ನೇ ಮರದಿಂದ ಬೇರ್ಪಡಿಸುವುದೂ ಉಂಟು. ಇಷ್ಟೆಲ್ಲ ಆಗುವಾಗ ಕ್ಯಾಬಿನ್ನಿನೊಳಗೆ ಒಂದು ಹನಿಯೂ ಬೀಳದಿರಬಹುದು. ತೊಟ್ಟಿಕ್ಕದ ಸೋರಿಕೆಯೇ ದುಬಾರಿ.

ಅದಕ್ಕೆ, ಒಂದು ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು ಡೆಕ್ಕನ್ನೆಲ್ಲ ತಟ್ಟುತ್ತ ಬಾ. ಒಳ್ಳೆಯ ಜಾಗದಲ್ಲಿ ಟಕ್ ಟಕ್ ಎಂದು ಖಡಕ್ ಸದ್ದು. ನೆನೆದ ಜಾಗದಲ್ಲಿ ದಬ್ ಎಂದು ಸತ್ತ ಸದ್ದು. ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಕಾಲಿಟ್ಟಾಗ ಡೆಕ್ಕು ಕುಸಿದಂತಾದರೆ, ಸ್ಕ್ರೂ ತೆಗೆದಾಗ ಕಂದು ನೀರು ಬಂದರೆ, ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆದು ಮಿತಿ ಗುರುತಿಸು. ಅಂಗೈಯಗಲ ಇದ್ದರೆ ನೀನೇ ಮಾಡಬಹುದು. ಮೊಳದಗಲ ಇದ್ದರೆ ಫೈಬರ್ ಕೊಯ್ದು ಒಳಗಿನ ಮರ ಬದಲಿಸಬೇಕು, ಅದು ಅನುಭವ ಇದ್ದವರ ಕೆಲಸ. ಸಣ್ಣ ತೂತು ಕೊರೆದು ಎಪಾಕ್ಸಿ ಸುರಿದರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡ. ಒದ್ದೆ ಮರಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ, ನೀರನ್ನು ಒಳಗೇ ಬೀಗ ಹಾಕಿದ ಹಾಗಾಗುತ್ತದೆ.

ಕೈಹಿಡಿಯೊಂದನ್ನು ಸರಿಯಾಗಿ ಕೂರಿಸುವುದು ಹೀಗೆ. ಬಿಚ್ಚು. ಹಳೇ ಅಂಟನ್ನೆಲ್ಲ ಕೆರೆದು ತೆಗೆ, ಇದೇ ಅರ್ಧ ದಿನ ತಿನ್ನುತ್ತದೆ. ಬಗ್ಗಿಸಿದ ಮೊಳೆಯೊಂದನ್ನು ಡ್ರಿಲ್ಲಿಗೆ ಸಿಕ್ಕಿಸಿ ತೂತಿನೊಳಗೆ ತಿರುಗಿಸಿದರೆ ಹಾಳೆಗಳ ನಡುವಿನ ಮರ ಸುತ್ತ ಅರ್ಧ ಇಂಚು ಪುಡಿಯಾಗಿ ಬರುತ್ತದೆ, ಫೈಬರಿಗೆ ಏನೂ ಆಗುವುದಿಲ್ಲ. ಚೆನ್ನಾಗಿ ಒಣಗಿದ ಮೇಲೆ ಕೆಳಗೆ ಟೇಪು ಹಚ್ಚಿ, ಅದಕ್ಕೆಂದೇ ಸಿಗುವ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ತುಂಬು. ಮಾರನೆಯ ದಿನ ಅದರ ನಡುವೆ ಹೊಸ ತೂತು ಕೊರೆ. ಈಗ ಆ ತೂತಿನ ಗೋಡೆ ಪೂರಾ ಎಪಾಕ್ಸಿ. ಮುಂದೆ ಎಂದಾದರೂ ಸೀಲು ಹೋದರೂ ನೀರು ಕ್ಯಾಬಿನ್ನಿಗೆ ಬಿದ್ದೀತು, ಮರ ಮುಟ್ಟದು. ತೂತಿನ ಬಾಯನ್ನು ಕೌಂಟರ್‌ಸಿಂಕ್ ಬಿಟ್ಟಿನಿಂದ ಸ್ವಲ್ಪ ಓರೆ ಮಾಡಿದರೆ ಸಿಲಿಕೋನ್ ಬದಲು ಹಚ್ಚಬೇಕಾದ ಮೆತ್ತನೆಯ ಬ್ಯುಟೈಲ್ ಟೇಪು ಅಲ್ಲಿ ಉಂಗುರವಾಗಿ ಕೂರುತ್ತದೆ. ಬೋಲ್ಟಿನ ತಲೆಯಡಿಗೂ ಸ್ವಲ್ಪ ಸುತ್ತು. ಬಿಗಿಯುವಾಗ ಮೇಲೆ ಬೋಲ್ಟನ್ನು ಅಲುಗದಂತೆ ಹಿಡಿದು ಕೆಳಗಿನಿಂದ ನಟ್ಟನ್ನು ಮಾತ್ರ ತಿರುಗಿಸಬೇಕು. ಬೋಲ್ಟು ತಿರುಗಿದರೆ ಕೂರಿಸಿದ ಸೀಲು ಹರಿಯುತ್ತದೆ. ಒಂದೇ ದಿನ ಪೂರಾ ಬಿಗಿಯಬೇಡ. ಬ್ಯುಟೈಲ್ ನಿಧಾನಕ್ಕೆ ಹಿಂಡಿ ಹೊರಬರುತ್ತದೆ, ಎರಡು ಮೂರು ದಿನ ದಿನಕ್ಕೊಂದಿಷ್ಟು ಬಿಗಿದು, ಹೊರಬಂದದ್ದನ್ನು ಪ್ಲಾಸ್ಟಿಕ್ ಚಾಕುವಿನಿಂದ ತೆಗೆ.

ಅಂಗಡಿಯವನು ಪಾಲಿಯುರೆಥೇನ್ ಟ್ಯೂಬು, ಅದರಲ್ಲೂ 3ಎಂ 5200, ಕೊಡಲು ನೋಡುತ್ತಾನೆ. ಅದು ಸೀಲಂಟಿಗಿಂತ ಹೆಚ್ಚಾಗಿ ಅಂಟು. ಜನ್ಮದಲ್ಲಿ ಬಿಚ್ಚದ ಜೋಡಣೆಗೆ ಸರಿ. ಕೈಹಿಡಿಗೆ ಹಾಕಿ ನಾಳೆ ಬಿಚ್ಚಹೋದರೆ ಫೈಬರಿನ ಹೊಪ್ಪಳೆಯೇ ಎದ್ದು ಬರುತ್ತದೆ. ಪ್ಲಾಸ್ಟಿಕ್ ಗಾಜಿನ ಕಿಟಕಿಗೆ ಪಾಲಿಸಲ್ಫೈಡ್ ಮುಟ್ಟಿಸಬೇಡ, ಅದು ಅಕ್ರಿಲಿಕ್ಕನ್ನು ಹಾಳುಮಾಡುತ್ತದೆ.

ನೀರಿನ ಮಟ್ಟದ ಕೆಳಗಿನ ಸೋರಿಕೆ ಬೇರೆ ಜಾತಿ. ಅದಕ್ಕೆ ಈ ನಿಧಾನ ಸಲ್ಲದು. ಒಂದಿಂಚು ತೂತು ನೀರಿನಿಂದ ಒಂದಡಿ ಕೆಳಗಿದ್ದರೆ ನಿಮಿಷಕ್ಕೆ 45ರಿಂದ 70 ಲೀಟರು ಒಳಬರುತ್ತದೆ. ನಿನ್ನ ಬಿಲ್ಜ್ ಪಂಪಿನ ಮೇಲೆ ಗಂಟೆಗೆ 500 ಗ್ಯಾಲನ್ ಎಂದು ಬರೆದಿದೆಯಲ್ಲ, ಅಂದರೆ ಕಾಗದದ ಲೆಕ್ಕದಲ್ಲೇ ನಿಮಿಷಕ್ಕೆ 31 ಲೀಟರು. ಬ್ಯಾಟರಿ ಇಳಿದರೆ ಅದೂ ಇಲ್ಲ. ಪಂಪು ತನ್ನಷ್ಟಕ್ಕೆ ಓಡುತ್ತದೆ ಎಂದು ನಿಶ್ಚಿಂತೆಯಾಗಿ ಮಲಗಬೇಡ, ಎಷ್ಟು ಸಲ ಓಡಿತೆಂದು ಎಣಿಸುವ ಸಣ್ಣ ಕೌಂಟರ್ ಸಿಗುತ್ತದೆ, ಹಾಕಿಸು. ಬೋಟನ್ನು ಟ್ರೇಲರಿಗೆ ಎಳೆದಾಗ ಹಿಂಭಾಗ ನೋಡು: ನೀರು ಬಿಡುವ ಬಿರಡೆಯ ಹಿತ್ತಾಳೆ ಕೊಳವೆ, ಎಂಜಿನ್ ಕೂರಿಸಿದ ಬೋಲ್ಟುಗಳು, ಆಳ ಅಳೆಯುವ ಸೆನ್ಸರಿನ ಸಣ್ಣ ಸ್ಕ್ರೂಗಳು. ಈ ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ಪ್ಲೈವುಡ್ ಹೊಟ್ಟೆಯ ಹಿಂಗೋಡೆಗೆ, ಅದೂ ನೀರಿನೊಳಗೆ, ಸ್ಕ್ರೂ ಹೊಡೆದಿರುತ್ತಾರೆ. ಟ್ರೇಲರಿನ ಮೇಲಿರುವಾಗ ಬಿರಡೆ ಹಾಕಿ ಬಿಲ್ಜಿಗೆ ಹತ್ತಿಪ್ಪತ್ತು ಲೀಟರು ನೀರು, ಅದಕ್ಕೆ ಒಂದು ಚಮಚ ಕೇಸರಿ ಬಣ್ಣ ಬೆರೆಸಿ ಹೊಯ್ದರೆ ಹೊರಗೆ ಎಲ್ಲಿ ಬಣ್ಣ ಜಿನುಗುತ್ತದೆಂದು ಕಾಣುತ್ತದೆ. ತುಂಬ ಹೊಯ್ಯಬೇಡ, ಸಾವಿರ ಲೀಟರು ಅಂದರೆ ಒಂದು ಟನ್, ಟ್ರೇಲರಿನ ಟೈರು ಕೇಳಬೇಕಲ್ಲ.

ಇದೆಲ್ಲವನ್ನೂ ಈ ವಾರವೇ ಮಾಡು ಅನ್ನುತ್ತಿಲ್ಲ. ಇಲ್ಲಿ ಗಂಗೊಳ್ಳಿ ಬಂದರಿನಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ, ದುರಸ್ತಿಯೆಲ್ಲ ಆ ಜಡಿಮಳೆಯ ನಡುವೆಯೇ ಆಗಬೇಕು. ನಿನಗೆ ಆ ಕಷ್ಟವಿಲ್ಲ. ಅಲ್ಲಿ ಜುಲೈ, ಆಗಸ್ಟ್ ಎಂದರೆ ಮಳೆಯೇ ಇಲ್ಲವೆನ್ನಬಹುದು, ಎಪಾಕ್ಸಿಗೆ ಬೇಕಾದ ಬೆಚ್ಚಗಿನ ಒಣಹವೆ ಆಗ ಸಿಗುತ್ತದೆ. ಈ ಚಳಿಗಾಲ ಪೂರ್ತಿ ಹುಡುಕು, ಗುರುತು ಹಾಕು, ಸೋರುವ ಸಂದಿಗಳ ಮೇಲೆ ತಾತ್ಕಾಲಿಕ ಟೇಪು ಹಚ್ಚಿಡು. ಟೇಪು ಹಚ್ಚಿದ ಮೇಲೂ ನೆನೆದರೆ ಗುರುತು ತಪ್ಪು ಎಂದರ್ಥ, ಅದೂ ಒಂದು ಲಾಭವೇ. ಬಿಚ್ಚುವ ಕೆಲಸ ಬೇಸಿಗೆಗೆ ಇರಲಿ. ಕಿಟಕಿಯ ಪಾಚಿ ಮಾತ್ರ ಈ ಭಾನುವಾರವೇ.

ಅವಳಿಗೆ ನನ್ನ ನೆನಪು ಹೇಳು. ಹಾಸಿಗೆಯ ಹೊದಿಕೆ ಬಿಚ್ಚಿ ಒಗೆದು, ಸ್ಪಂಜನ್ನು ಮನೆಯ ಹೀಟರಿನ ಪಕ್ಕ ನಿಲ್ಲಿಸಿ ಒಣಗಿಸಿ. ಬೂಷ್ಟು ವಾಸನೆ ಹೋಗದಿದ್ದರೆ ಎಸೆದು ಹೊಸದು ತನ್ನಿ, ಅದರಲ್ಲಿ ಜಿಪುಣತನ ಬೇಡ.

ಇಂತಿ,
ನಿನ್ನ ದೊಡ್ಡಮ್ಮ

ಮರೆತೆ: ಕೊಳ್ಳುವಾಗ ಸರ್ವೇಯರ್ ಕೊಟ್ಟ ವರದಿ ಇರಬೇಕಲ್ಲ, ಅದರಲ್ಲಿ ಡೆಕ್ಕಿನ ತೇವಾಂಶ ಅಳೆದು ಬರೆದ ಪುಟ ಇದ್ದರೆ ಫೋಟೋ ತೆಗೆದು ಕಳಿಸು. ಅಕ್ಷರ ಕಾಣುವ ಹಾಗೆ ತೆಗೆ. ಡೆಕ್ಕಿನ ನಕ್ಷೆಯ ಮೇಲೆ ಅವನು ಎಲ್ಲೆಲ್ಲಿ ಗುರುತು ಹಾಕಿದ್ದಾನೆಂದು ನೋಡಿ, ತಟ್ಟುವುದನ್ನು ಎಲ್ಲಿಂದ ಶುರುಮಾಡಬೇಕೆಂದು ಹೇಳುತ್ತೇನೆ.